ಮಿದುಳಿನ ಆಳದ ಪಾರ್ಶ್ವವಾಯು ಮತ್ತು ಅದರ ಚಿತ್ರಣ ನಿರ್ಣಯ

ಮಿದುಳಿನ ಹೊರಪದರದ ಕೆಳಗೆ, ಅದರ ನಡುಭಾಗದಲ್ಲಿ ಮತ್ತು ಕಾಂಡದಲ್ಲಿ ಇರುವ ರಚನೆಗಳಿಗೆ ರಕ್ತ ಒದಗಿಸುವ ನಾಳ ಮುಚ್ಚಿಕೊಂಡಾಗ ಅಥವಾ ಒಡೆದಾಗ ಹಠಾತ್ತಾಗಿ ಉಂಟಾಗುವ ನರಹಾನಿಯೇ ಮಿದುಳಿನ ಆಳದ ಪಾರ್ಶ್ವವಾಯು. ಆಡುಮಾತಿನಲ್ಲಿ ಇದನ್ನೂ ಲಕ್ವ, ಸ್ಟ್ರೋಕ್ ಎಂದೇ ಕರೆಯುತ್ತಾರೆ. ನಾಳ ಮುಚ್ಚಿ ಬರುವ ಬಗೆಯನ್ನು ಈ ಲೇಖನದಲ್ಲಿ ರಕ್ತಕೊರತೆಯ ಪಾರ್ಶ್ವವಾಯು ಎಂದೂ ನಾಳ ಒಡೆದು ಬರುವ ಬಗೆಯನ್ನು ರಕ್ತಸ್ರಾವದ ಪಾರ್ಶ್ವವಾಯು ಎಂದೂ ಹೆಸರಿಸಲಾಗಿದೆ. ರಕ್ತ ಸಿಗದೆ ಸತ್ತ ಅಂಗಾಂಶ ಮೃತಭಾಗ. ಅದು ಕರಗಿದ ಮೇಲೆ ಉಳಿಯುವ, ದ್ರವ ತುಂಬಿದ ಸಣ್ಣ ಕುಳಿ ಲ್ಯಾಕ್ಯೂನ್. ಎರಡು ಬಗೆಗಳ ಹೊರಲಕ್ಷಣಗಳು ಹೆಚ್ಚುಕಡಿಮೆ ಒಂದೇ ಆಗಿದ್ದು ಚಿಕಿತ್ಸೆಗಳು ಮಾತ್ರ ಪರಸ್ಪರ ವಿರುದ್ಧ. ಆದ್ದರಿಂದ ಖಚಿತ ನಿರ್ಣಯಕ್ಕೆ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಣ ಅನಿವಾರ್ಯ.

ರಚನೆ ಮತ್ತು ರಕ್ತಪೂರೈಕೆ

ಮಿದುಳಿನ ಆಳದಲ್ಲಿ ಬೂದು ದ್ರವ್ಯದ ಗಂಟುಗಳೂ ಬಿಳಿ ದ್ರವ್ಯದ ನರತಂತು ಮಾರ್ಗಗಳೂ ಒತ್ತೊತ್ತಾಗಿವೆ. ಕಾಡೇಟ್, ಪ್ಯುಟಮೆನ್ ಮತ್ತು ಗ್ಲೋಬಸ್ ಪ್ಯಾಲಿಡಸ್‌ಗಳನ್ನು ಒಟ್ಟಾಗಿ ಬೇಸಲ್ ಗ್ಯಾಂಗ್ಲಿಯಾ ಎನ್ನುತ್ತಾರೆ. ಚಲನೆಯನ್ನು ಹದಗೊಳಿಸುವುದು ಇವುಗಳ ಮುಖ್ಯ ಕೆಲಸ. ಪ್ಯುಟಮೆನ್ ಮತ್ತು ಗ್ಲೋಬಸ್ ಪ್ಯಾಲಿಡಸ್ ಸೇರಿದ ಭಾಗಕ್ಕೆ ಲೆಂಟಿಫಾರ್ಮ್ ಗಂಟು ಎಂದು ಹೆಸರು. ದೇಹದಿಂದ ಬರುವ ಸಂವೇದನೆಗಳು ಹೊರಪದರವನ್ನು ತಲುಪುವ ಮುನ್ನ ಥಲಾಮಸ್ ಮೂಲಕ ಹಾದುಹೋಗುತ್ತವೆ. ಈ ಗಂಟುಗಳ ನಡುವೆ ಇಂಟರ್ನಲ್ ಕ್ಯಾಪ್ಸೂಲ್ ಎಂಬ ನರತಂತು ಪಟ್ಟಿಯಿದೆ. ಮುಖ, ಕೈ, ಕಾಲುಗಳನ್ನು ಆಡಿಸುವ ತಂತುಗಳೆಲ್ಲ ಇದರ ಹಿಂಬದಿಯ ತೋಳಿನಲ್ಲಿ ಇಕ್ಕಟ್ಟಾಗಿ ಕೆಳಗಿಳಿಯುತ್ತವೆ. ಕೆಳಗೆ ಮಿದುಳು ಕಾಂಡದ ಪಾನ್ಸ್ ಭಾಗದಲ್ಲೂ ಅವು ಹೀಗೆಯೇ ಒತ್ತಾಗಿವೆ. ಹೊರಪದರದಲ್ಲಿ ಗಮನಕ್ಕೆ ಬಾರದೆ ಹೋಗಬಹುದಾದಷ್ಟು ಸಣ್ಣ ಹಾನಿ ಇಲ್ಲಿ ದೇಹದ ಅರ್ಧಭಾಗವನ್ನೇ ನಿಶ್ಚಲಗೊಳಿಸುವುದು ಈ ಕಾರಣದಿಂದ.

ಈ ಪ್ರದೇಶಕ್ಕೆ ರಕ್ತ ಒದಗಿಸುವುದು ಪರ್ಫೊರೇಟಿಂಗ್ ಧಮನಿಗಳು. ಇವು ಮಿದುಳಿನ ತಳದ ದೊಡ್ಡ ಧಮನಿಗಳಿಂದ ನೇರವಾಗಿ ಕವಲೊಡೆದು ಆಳಕ್ಕೆ ನುಗ್ಗುವ, ಬಹುಮಟ್ಟಿಗೆ ಒಂದು ಮಿಲಿಮೀಟರಿಗಿಂತ ತೆಳುವಾದ ನಾಳಗಳು. ನಡು ಸೆರೆಬ್ರಲ್ ಧಮನಿಯ ಲೆಂಟಿಕ್ಯುಲೋಸ್ಟ್ರಯೇಟ್ ಕವಲುಗಳು ಬೇಸಲ್ ಗ್ಯಾಂಗ್ಲಿಯಾಗೂ ಇಂಟರ್ನಲ್ ಕ್ಯಾಪ್ಸೂಲಿನ ಬಹುಭಾಗಕ್ಕೂ ರಕ್ತ ಒಯ್ಯುತ್ತವೆ. ಮುಂದಿನ ಸೆರೆಬ್ರಲ್ ಧಮನಿಯ ಹಾಯ್ಬ್ನರ್ ಕವಲು ಕಾಡೇಟ್‌ನ ತಲೆಭಾಗಕ್ಕೂ, ಮುಂದಿನ ಕೊರಾಯ್ಡಲ್ ಧಮನಿ ಕ್ಯಾಪ್ಸೂಲಿನ ಹಿಂಬದಿಯ ತೋಳಿಗೂ ಸಲ್ಲುತ್ತವೆ. ಥಲಾಮಸ್‌ಗೆ ಮುಖ್ಯವಾಗಿ ಹಿಂದಿನ ಸೆರೆಬ್ರಲ್ ಧಮನಿಯ ಕವಲುಗಳಿಂದಲೂ ಪಾನ್ಸ್‌ಗೆ ಬೇಸಿಲರ್ ಧಮನಿಯಿಂದಲೂ ರಕ್ತ ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಕೊನೆ ಧಮನಿಗಳು. ಒಂದು ಮುಚ್ಚಿದರೆ ನೆರೆಯ ನಾಳ ಆ ಜಾಗಕ್ಕೆ ಸಾಕಷ್ಟು ರಕ್ತ ಒದಗಿಸಲಾರದು. ಅಲ್ಲದೆ, ದೊಡ್ಡ ಧಮನಿಯಿಂದ ಲಂಬವಾಗಿ ಕವಲೊಡೆಯುವುದರಿಂದ ಅಧಿಕ ರಕ್ತದೊತ್ತಡದ ಹೊಡೆತ ಇವುಗಳ ಮೇಲೆ ನೇರವಾಗಿ ಬೀಳುತ್ತದೆ.

ಅಧ್ಯಯನದ ಇತಿಹಾಸ

ಲ್ಯಾಕ್ಯೂನ್ ಎಂಬ ಪದವನ್ನು ಮಿದುಳಿನ ಆಳದ ಕುಳಿಗಳಿಗೆ 1838ರಲ್ಲಿ ಬಳಸಿದವರು ಫ್ರಾನ್ಸಿನ ವೈದ್ಯ ಅಮೆಡೀ ದೆಷಾಂಬ್ರ. 1868ರಲ್ಲಿ ಷಾರ್ಕೋ ಮತ್ತು ಬುಷಾರ್ ಅವರು ರಕ್ತಸ್ರಾವಕ್ಕೆ ಒಳಗಾದ ಮಿದುಳುಗಳ ಸಣ್ಣ ಧಮನಿಗಳಲ್ಲಿ ಸೂಕ್ಷ್ಮ ಉಬ್ಬುಗಳನ್ನು ಗುರುತಿಸಿದರು. ಅನೇಕ ಲ್ಯಾಕ್ಯೂನ್‌ಗಳು ಕೂಡಿದ ಸ್ಥಿತಿಯನ್ನು ಪಿಯರ್ ಮಾರಿ 1901ರಲ್ಲಿ ವಿವರಿಸಿದರು. 1960ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಕೆನಡಾ ಮೂಲದ ನರವೈದ್ಯ ಸಿ. ಮಿಲ್ಲರ್ ಫಿಶರ್ ಅವರು ಮೃತದೇಹಗಳ ಮಿದುಳನ್ನು ಸರಣಿಯಾಗಿ ಸೀಳಿ ನೋಡಿ, ಯಾವ ಧಮನಿಯ ಅಡಚಣೆ ಯಾವ ಲಕ್ಷಣಕ್ಕೆ ಕಾರಣವೆಂದು ಹೊಂದಿಸಿ ತೋರಿಸಿದರು. ಇಂದು ಬಳಕೆಯಲ್ಲಿರುವ ಲ್ಯಾಕ್ಯುನಾರ್ ಲಕ್ಷಣಕೂಟಗಳ ವರ್ಗೀಕರಣಕ್ಕೆ ಈ ಕೆಲಸವೇ ಆಧಾರ.

ಸಿ.ಟಿ. ಬರುವವರೆಗೆ ಆಳದ ಹಾನಿಯನ್ನು ನೇರವಾಗಿ ಕಾಣಲು ಸಾಧ್ಯವಾಗುತ್ತಿದ್ದುದು ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಿಂದ ಲಂಡನ್ನಿನ ಆಟ್ಕಿನ್ಸನ್ ಮಾರ್ಲೀಸ್ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. ಇದಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮಕ್ ಅವರಿಗೆ 1979ರ ನೊಬೆಲ್ ಪ್ರಶಸ್ತಿ ದೊರೆಯಿತು. ಎಂ.ಆರ್.ಐ. ವಿಧಾನಕ್ಕೆ ಅಡಿಪಾಯ ಹಾಕಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಸಂದಿತು. ನೀರಿನ ಅಣುಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್ ಚಿತ್ರಣವನ್ನು 1980ರ ದಶಕದಲ್ಲಿ ಡೆನಿ ಲ ಬಿಹಾನ್ ಬೆಳೆಸಿದರು. ರಕ್ತಕೊರತೆಯನ್ನು ಅದು ಬಹುಬೇಗ ತೋರಿಸಬಲ್ಲದೆಂದು ಮೈಕೆಲ್ ಮೋಸ್ಲಿ ಮತ್ತು ಸಂಗಡಿಗರು 1990ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಸಾಬೀತುಪಡಿಸಿದರು.

ಕಾರಣಗಳು

ಆಳದ ಪಾರ್ಶ್ವವಾಯುವಿನ ಎರಡೂ ಬಗೆಗಳಿಗೆ ಪ್ರಧಾನ ಕಾರಣ ದೀರ್ಘಕಾಲದ ಅಧಿಕ ರಕ್ತದೊತ್ತಡ. ಮಧುಮೇಹ, ಧೂಮಪಾನ, ವಯಸ್ಸು ಮತ್ತು ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಅಪಾಯವನ್ನು ಹೆಚ್ಚಿಸುತ್ತವೆ. ಒತ್ತಡಕ್ಕೆ ಸಿಕ್ಕ ಸಣ್ಣ ಧಮನಿಯ ಗೋಡೆಯಲ್ಲಿ ಸ್ನಾಯುಕೋಶಗಳು ನಶಿಸಿ ಕೊಬ್ಬು ಮತ್ತು ಪ್ರೋಟೀನು ಸೇರಿಕೊಳ್ಳುತ್ತವೆ. ಫಿಶರ್ ಇದನ್ನು ಲಿಪೊಹಯಲಿನೋಸಿಸ್ ಎಂದು ಕರೆದರು. ಗೋಡೆ ದಪ್ಪವಾಗಿ ನಾಳದ ದಾರಿ ಮುಚ್ಚಿದರೆ ರಕ್ತಕೊರತೆ, ಗೋಡೆ ದುರ್ಬಲವಾಗಿ ಒಡೆದರೆ ರಕ್ತಸ್ರಾವ. ದೊಡ್ಡ ಧಮನಿಯ ಗೋಡೆಯಲ್ಲಿ ಬೆಳೆದ ಕೊಬ್ಬಿನ ಗಡ್ಡೆ ಪರ್ಫೊರೇಟಿಂಗ್ ಕವಲಿನ ಬಾಯಿಯನ್ನೇ ಮುಚ್ಚುವುದೂ ಉಂಟು. ಇದು ಏಷ್ಯಾದ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಹೃದಯದಿಂದ ಬಂದ ಹೆಪ್ಪು ಆಳದ ಸಣ್ಣ ನಾಳವನ್ನು ಮುಚ್ಚುವುದು ಕಡಿಮೆ.

ಇತರ ಕಾರಣಗಳಲ್ಲಿ ನಾಚ್3 ಜೀನಿನ ದೋಷದಿಂದ ಬರುವ ಕ್ಯಾಡಸಿಲ್ ಎಂಬ ಆನುವಂಶಿಕ ಕಾಯಿಲೆ, ಮೊಯಮೊಯ ಕಾಯಿಲೆ ಮತ್ತು ಧಮನಿಗಳ ಉರಿಯೂತ ಸೇರಿವೆ. ಭಾರತದಲ್ಲಿ ಕ್ಷಯರೋಗದ ಮಿದುಳುಪೊರೆ ಉರಿಯೂತ ಒಂದು ಮುಖ್ಯ ಕಾರಣ. ಮಿದುಳಿನ ತಳದಲ್ಲಿ ಕೂಡಿಕೊಳ್ಳುವ ಗಟ್ಟಿ ಸ್ರಾವ ಪರ್ಫೊರೇಟಿಂಗ್ ಧಮನಿಗಳನ್ನು ಸುತ್ತುವರಿದು ಕಾಡೇಟ್, ಥಲಾಮಸ್‌ನ ಮುಂಭಾಗ ಮತ್ತು ಇಂಟರ್ನಲ್ ಕ್ಯಾಪ್ಸೂಲಿನ ಮುಂದಿನ ತೋಳಿನಲ್ಲಿ ಮೃತಭಾಗಗಳನ್ನು ಉಂಟುಮಾಡುತ್ತದೆ. ಎಳೆಯ ಮಕ್ಕಳಲ್ಲಿ, ಲೆಂಟಿಕ್ಯುಲೋಸ್ಟ್ರಯೇಟ್ ಧಮನಿಗಳ ಗೋಡೆಯಲ್ಲಿ ಸುಣ್ಣ ಸೇರಿದ್ದರೆ, ತಲೆಗೆ ಸಣ್ಣ ಪೆಟ್ಟು ಬಿದ್ದರೂ ಬೇಸಲ್ ಗ್ಯಾಂಗ್ಲಿಯಾದ ಪಾರ್ಶ್ವವಾಯು ಬರಬಹುದು.

ವಿಧಗಳು

ಲ್ಯಾಕ್ಯುನಾರ್ ಪಾರ್ಶ್ವವಾಯು: ಒಂದೇ ಒಂದು ಪರ್ಫೊರೇಟಿಂಗ್ ಧಮನಿ ಮುಚ್ಚಿ ಉಂಟಾಗುವ ಸಣ್ಣ ಮೃತಭಾಗ. ರಕ್ತಕೊರತೆಯ ಪಾರ್ಶ್ವವಾಯುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಈ ಬಗೆಯವು. ಸ್ಟ್ರೈವ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಖ್ಯೆಯಂತೆ (2013) ಹೊಸ ಮೃತಭಾಗದ ಅಡ್ಡಳತೆ 20 ಮಿಲಿಮೀಟರಿನೊಳಗೆ ಇರಬೇಕು. ಹಳತಾಗಿ ಕುಳಿಯಾದ ಲ್ಯಾಕ್ಯೂನ್‌ನ ಅಳತೆ 3ರಿಂದ 15 ಮಿಲಿಮೀಟರು.

ಸ್ಟ್ರಯೇಟೊಕ್ಯಾಪ್ಸುಲರ್ ಪಾರ್ಶ್ವವಾಯು: ನಡು ಸೆರೆಬ್ರಲ್ ಧಮನಿಯೇ ಮುಚ್ಚಿ ಅನೇಕ ಲೆಂಟಿಕ್ಯುಲೋಸ್ಟ್ರಯೇಟ್ ಕವಲುಗಳು ಒಟ್ಟಿಗೆ ರಕ್ತ ಕಳೆದುಕೊಂಡಾಗ ಬರುವ, 20 ಮಿಲಿಮೀಟರಿಗಿಂತ ದೊಡ್ಡ ಮೃತಭಾಗ. ಹೆಪ್ಪಿನ ಮೂಲ ಹೆಚ್ಚಾಗಿ ಹೃದಯ ಅಥವಾ ಕುತ್ತಿಗೆಯ ಕೆರೋಟಿಡ್ ಧಮನಿ.

ಥಲಾಮಸ್‌ನ ಪಾರ್ಶ್ವವಾಯು: ನಾಲ್ಕು ಧಮನಿ ಕ್ಷೇತ್ರಗಳಿಗೆ ಅನುಗುಣವಾಗಿ ನಾಲ್ಕು ಬಗೆ. ಕೆಲವರಲ್ಲಿ ಎರಡೂ ಬದಿಯ ಥಲಾಮಸ್‌ನ ಒಳಭಾಗಕ್ಕೆ ಪರ್ಷರಾನ್ ಧಮನಿ ಎಂಬ ಒಂದೇ ಕಾಂಡದಿಂದ ರಕ್ತ ಬರುತ್ತದೆ. ಅದು ಮುಚ್ಚಿದರೆ ಎರಡೂ ಬದಿ ಒಮ್ಮೆಗೇ ಹಾನಿಗೊಳ್ಳುತ್ತವೆ.

ಮಿದುಳು ಕಾಂಡದ ಪಾರ್ಶ್ವವಾಯು: ಪಾನ್ಸ್‌ನ ಒಂದು ಬದಿಯ ಸಣ್ಣ ಮೃತಭಾಗದಿಂದ ಹಿಡಿದು ಬೇಸಿಲರ್ ಧಮನಿಯ ಪೂರ್ಣ ಅಡಚಣೆಯವರೆಗೆ ಇದರ ವ್ಯಾಪ್ತಿ.

ಆಳದ ರಕ್ತಸ್ರಾವ: ಅಧಿಕ ರಕ್ತದೊತ್ತಡದ ರಕ್ತಸ್ರಾವ ಹೆಚ್ಚಾಗಿ ಆಗುವ ತಾಣಗಳು ಪ್ಯುಟಮೆನ್, ಥಲಾಮಸ್, ಪಾನ್ಸ್ ಮತ್ತು ಅನುಮಸ್ತಿಷ್ಕ. ಥಲಾಮಸ್‌ನ ರಕ್ತ ಪಕ್ಕದ ಮಿದುಳು ಕುಹರಗಳಿಗೆ ನುಗ್ಗಿ ದ್ರವದ ಹರಿವಿಗೆ ತಡೆಯೊಡ್ಡಬಹುದು.

ಆಳದ ಸಿರೆಗಳ ಹೆಪ್ಪು: ಒಳ ಸೆರೆಬ್ರಲ್ ಸಿರೆಗಳು, ಗೇಲನ್ ಸಿರೆ ಅಥವಾ ನೇರ ಸೈನಸ್ ಮುಚ್ಚಿದಾಗ ರಕ್ತ ಹೊರಹೋಗದೆ ಎರಡೂ ಬದಿಯ ಥಲಾಮಸ್ ಊದಿಕೊಳ್ಳುತ್ತದೆ, ಕೆಲವೊಮ್ಮೆ ಅಲ್ಲಿ ರಕ್ತಸ್ರಾವವೂ ಆಗುತ್ತದೆ. ಹೆರಿಗೆಯ ನಂತರದ ವಾರಗಳಲ್ಲಿ ಈ ಅಪಾಯ ಹೆಚ್ಚು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯಿರುವಲ್ಲಿ ದೇಹದ ನೀರಿನಂಶ ತಗ್ಗುವುದೂ ಇದಕ್ಕೆ ಕಾರಣವಾಗುತ್ತದೆ.

ಲಕ್ಷಣಗಳು

ಲ್ಯಾಕ್ಯುನಾರ್ ಪಾರ್ಶ್ವವಾಯುವಿನಲ್ಲಿ ಐದು ಲಕ್ಷಣಕೂಟಗಳನ್ನು ಗುರುತಿಸಲಾಗಿದೆ: ಮುಖ, ಕೈ, ಕಾಲುಗಳಲ್ಲಿ ಬಲಹೀನತೆ ಮಾತ್ರ ಇರುವುದು, ಒಂದು ಬದಿ ಜೋಮು ಮಾತ್ರ ಹಿಡಿಯುವುದು, ಇವೆರಡೂ ಕೂಡಿರುವುದು, ಬಲಹೀನತೆಯ ಜೊತೆ ಅದೇ ಬದಿಯ ಕೈಕಾಲು ತಾಳ ತಪ್ಪುವುದು, ಮಾತು ತೊದಲಿ ಒಂದು ಕೈ ಕೆಲಸಕ್ಕೆ ಒಗ್ಗದಿರುವುದು. ಪದಗಳೇ ಹೊಳೆಯದಿರುವ ಮಾತಿನ ದೋಷ, ದೃಷ್ಟಿಯ ಅರ್ಧಭಾಗ ಕಾಣದಿರುವುದು ಮುಂತಾದ ಹೊರಪದರದ ಲಕ್ಷಣಗಳು ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಕೆಲವರಲ್ಲಿ ಬಲಹೀನತೆ ಒಂದೆರಡು ದಿನಗಳಲ್ಲಿ ಹಲವು ಬಾರಿ ಬಂದು ಹೋಗಿ ಕೊನೆಗೆ ನೆಲೆಯೂರುತ್ತದೆ.

ಪರ್ಷರಾನ್ ಧಮನಿಯ ಅಡಚಣೆಯಲ್ಲಿ ಅತಿಯಾದ ನಿದ್ರೆ, ಮರೆವು ಮತ್ತು ಕಣ್ಣನ್ನು ಮೇಲೆ ಕೆಳಗೆ ಹೊರಳಿಸಲಾಗದ ತೊಂದರೆ ಕಾಣುತ್ತವೆ. ಕೈಕಾಲು ಬೀಳದೆ ಇರುವುದರಿಂದ ಇದನ್ನು ಪಾರ್ಶ್ವವಾಯುವೆಂದು ಗುರುತಿಸುವುದು ತಡವಾಗಬಹುದು. ಸಬ್‌ಥಲಾಮಿಕ್ ಗಂಟಿಗೆ ಹಾನಿಯಾದರೆ ಎದುರು ಬದಿಯ ಕೈಕಾಲುಗಳು ತಾವಾಗಿ ಬೀಸಾಡತೊಡಗುತ್ತವೆ. ಪಾನ್ಸ್‌ನ ಎರಡೂ ಬದಿ ಹಾನಿಗೊಂಡಾಗ ಅರಿವು ಪೂರ್ಣವಾಗಿದ್ದರೂ ಕಣ್ಣಿನ ಚಲನೆಯ ಹೊರತು ಬೇರೇನೂ ಸಾಧ್ಯವಾಗದ ಸ್ಥಿತಿ ಬರಬಹುದು. ರಕ್ತಸ್ರಾವದಲ್ಲಿ ತಲೆನೋವು, ವಾಂತಿ ಮತ್ತು ಎಚ್ಚರ ತಗ್ಗುವುದು ಹೆಚ್ಚು. ಆದರೆ ಸಣ್ಣ ರಕ್ತಸ್ರಾವ ಲ್ಯಾಕ್ಯುನಾರ್ ಪಾರ್ಶ್ವವಾಯುವಿನಂತೆಯೇ ತೋರುವುದರಿಂದ ಈ ಲಕ್ಷಣಗಳ ಮೇಲೆ ಮಾತ್ರ ನಿರ್ಣಯ ನಿಲ್ಲುವುದಿಲ್ಲ.

ಸಿ.ಟಿ. ಚಿತ್ರಣ

ತುರ್ತು ಸ್ಥಿತಿಯಲ್ಲಿ ಮೊದಲು ಮಾಡುವ ಪರೀಕ್ಷೆ ಕಾಂಟ್ರಾಸ್ಟ್ ಔಷಧಿ ಬಳಸದ ಸಿ.ಟಿ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಯ ಮೊದಲ ಉದ್ದೇಶ ರಕ್ತಸ್ರಾವ ಇದೆಯೇ ಇಲ್ಲವೇ ಎಂದು ತಿಳಿಯುವುದು. ಅಂಗಾಂಶದ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಅಳೆಯುತ್ತಾರೆ. ನೀರಿನ ಬೆಲೆ 0. ಬಿಳಿ ದ್ರವ್ಯ ಸುಮಾರು 25–30, ಬೂದು ದ್ರವ್ಯ 35–40, ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಸುಮಾರು 60–80 ಮಾನ ತೋರಿಸುವುದರಿಂದ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ತೀವ್ರ ರಕ್ತಹೀನತೆಯಿರುವ ರೋಗಿಯಲ್ಲಿ ಈ ಬಿಳುಪು ಮಸುಕಾಗಿರಬಹುದು. ದಿನ ಕಳೆದಂತೆ ಸಾಂದ್ರತೆ ಇಳಿಯುವ ಕಾರಣ, ಕೆಲವು ವಾರಗಳ ಬಳಿಕ ತೆಗೆದ ಸಿ.ಟಿ.ಯಿಂದ ಹಳೆಯ ರಕ್ತಸ್ರಾವವನ್ನೂ ಮೃತಭಾಗವನ್ನೂ ಬೇರ್ಪಡಿಸುವುದು ಕಷ್ಟ.

ರಕ್ತಗಡ್ಡೆಯ ಗಾತ್ರವನ್ನು ಸರಳ ಸೂತ್ರದಿಂದ ಅಂದಾಜಿಸುತ್ತಾರೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಎರಡರಿಂದ ಭಾಗಿಸಬೇಕು. 4, 3 ಮತ್ತು 2.5 ಸೆಂಟಿಮೀಟರಿನ ಗಡ್ಡೆಯ ಗಾತ್ರ 15 ಮಿಲಿಲೀಟರು. 2001ರಿಂದ ಬಳಕೆಯಲ್ಲಿರುವ ಐ.ಸಿ.ಎಚ್. ಅಂಕಮಾಪನದಲ್ಲಿ 30 ಮಿಲಿಲೀಟರಿನ ಗಾತ್ರ, ಕುಹರದೊಳಗಿನ ರಕ್ತ, ಕಾಂಡ ಅಥವಾ ಅನುಮಸ್ತಿಷ್ಕದ ತಾಣ, 80 ಅಥವಾ ಅದಕ್ಕೆ ಮೇಲ್ಪಟ್ಟ ವಯಸ್ಸು ಮತ್ತು ಎಚ್ಚರದ ಮಟ್ಟ ಪರಿಗಣನೆಗೆ ಬರುತ್ತವೆ.

ರಕ್ತಕೊರತೆಯ ಹಾನಿ ಮೊದಲ ಗಂಟೆಗಳ ಸಿ.ಟಿ.ಯಲ್ಲಿ ಅನೇಕ ವೇಳೆ ಕಾಣುವುದೇ ಇಲ್ಲ. ಲ್ಯಾಕ್ಯುನಾರ್ ಮೃತಭಾಗ ಮತ್ತು ಮಿದುಳು ಕಾಂಡದ ಹಾನಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಕಾಂಡದ ಸುತ್ತಲಿನ ದಪ್ಪ ಮೂಳೆ ಚಿತ್ರದಲ್ಲಿ ಗೆರೆಗಳನ್ನು ಮೂಡಿಸಿ ವಿವರಗಳನ್ನು ಮರೆಮಾಡುತ್ತದೆ. ಹೀಗಾಗಿ ಸಿ.ಟಿ. ಸಹಜವಾಗಿದ್ದ ಮಾತ್ರಕ್ಕೆ ಪಾರ್ಶ್ವವಾಯು ಇಲ್ಲವೆಂದು ಹೇಳಲಾಗದು. ದೊಡ್ಡ ಧಮನಿ ಮುಚ್ಚಿದ್ದರೆ ಲೆಂಟಿಫಾರ್ಮ್ ಗಂಟಿನ ಅಂಚು ಮಸುಕಾಗುವುದು ಮತ್ತು ನಡು ಸೆರೆಬ್ರಲ್ ಧಮನಿ ಬೆಳ್ಳಗೆ ತೋರುವುದು ಆರಂಭದ ಸೂಚನೆಗಳು. 2000ದಲ್ಲಿ ಪ್ರಕಟವಾದ ಆಸ್ಪೆಕ್ಟ್ಸ್ ಅಂಕಪದ್ಧತಿಯ ಹತ್ತು ವಲಯಗಳಲ್ಲಿ ಕಾಡೇಟ್, ಲೆಂಟಿಫಾರ್ಮ್ ಮತ್ತು ಇಂಟರ್ನಲ್ ಕ್ಯಾಪ್ಸೂಲ್ ಎಂಬ ಆಳದ ಮೂರು ವಲಯಗಳಿವೆ.

ಎಂ.ಆರ್.ಐ. ಚಿತ್ರಣ

ಡಿಫ್ಯೂಷನ್ ಚಿತ್ರ: ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಜೀವಕೋಶದ ಸೋಡಿಯಂ ಪಂಪು ಕೆಲಸ ನಿಲ್ಲಿಸಿ, ನೀರು ಕೋಶದೊಳಕ್ಕೆ ಸೇರಿ, ಅದರ ಮುಕ್ತ ಚಲನೆ ಕುಗ್ಗುತ್ತದೆ. ಈ ಭಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೂ ಅದರ ಜೊತೆಗಿನ ಎ.ಡಿ.ಸಿ. ನಕ್ಷೆಯಲ್ಲಿ ಕಪ್ಪಗೂ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಹಾನಿ ಹೊಸದೆಂದು ಖಚಿತ. ಎ.ಡಿ.ಸಿ. ಬೆಲೆ ಒಂದೆರಡು ವಾರಗಳಲ್ಲಿ ಸಹಜ ಮಟ್ಟಕ್ಕೆ ಮರಳುತ್ತದೆ. ಕೆಲವು ಮಿಲಿಮೀಟರಿನ ಮೃತಭಾಗವನ್ನೂ ಈ ಚಿತ್ರ ತೋರಿಸಬಲ್ಲದು. ಆದರೆ ಮೊದಲ ದಿನದಲ್ಲಿ, ಮುಖ್ಯವಾಗಿ ಮಿದುಳು ಕಾಂಡದ ಸಣ್ಣ ಹಾನಿಗಳಲ್ಲಿ, ಚಿತ್ರ ಸಹಜವಾಗಿರುವ ಪ್ರಸಂಗಗಳಿವೆ; ಅನುಮಾನ ಉಳಿದರೆ ಪರೀಕ್ಷೆಯನ್ನು ಪುನಃ ಮಾಡುತ್ತಾರೆ.

ಫ್ಲೇರ್ ಚಿತ್ರ: ಇದರಲ್ಲಿ ಮಿದುಳು-ಬೆನ್ನುಹುರಿ ದ್ರವದ ಸಂಕೇತವನ್ನು ಅಡಗಿಸಲಾಗುತ್ತದೆ. ಹೊಸ ಮೃತಭಾಗ ಇದರಲ್ಲಿ ಬೆಳ್ಳಗಾಗಲು ಕೆಲವು ಗಂಟೆಗಳು ಬೇಕು. ಡಿಫ್ಯೂಷನ್ ಚಿತ್ರದಲ್ಲಿ ಕಂಡ ಹಾನಿ ಫ್ಲೇರ್‌ನಲ್ಲಿ ಕಾಣದಿದ್ದರೆ ಅದು ಸುಮಾರು 4.5 ಗಂಟೆಗಳೊಳಗಿನದೆಂದು ಊಹಿಸಬಹುದು. ನಿದ್ರೆಯಿಂದ ಏಳುವಾಗಲೇ ಪಾರ್ಶ್ವವಾಯು ಬಡಿದಿರುವವರಿಗೆ ಹೆಪ್ಪು ಕರಗಿಸುವ ಔಷಧಿ ಕೊಡಲು ಈ ವ್ಯತ್ಯಾಸ ಆಧಾರವಾಗಬಲ್ಲದೆಂದು 2018ರಲ್ಲಿ ಪ್ರಕಟವಾದ ವೇಕ್-ಅಪ್ ಅಧ್ಯಯನ ತೋರಿಸಿತು. ಹಳೆಯ ಲ್ಯಾಕ್ಯೂನ್ ಫ್ಲೇರ್‌ನಲ್ಲಿ ನಡುವೆ ಕಪ್ಪಾಗಿ, ಸುತ್ತ ಬಿಳಿ ಅಂಚಿನೊಂದಿಗೆ ಕಾಣುತ್ತದೆ. ನಾಳದ ಸುತ್ತಲಿನ ಸಹಜ ಅವಕಾಶಗಳು ಸಾಮಾನ್ಯವಾಗಿ 3 ಮಿಲಿಮೀಟರಿಗಿಂತ ಕಿರಿದು. ಅವಕ್ಕೆ ಬಿಳಿ ಅಂಚಿರುವುದಿಲ್ಲ.

ಸಸೆಪ್ಟಿಬಿಲಿಟಿ ಚಿತ್ರ: ರಕ್ತದ ಕಬ್ಬಿಣಾಂಶಕ್ಕೆ ಸೂಕ್ಷ್ಮವಾಗಿ ಸ್ಪಂದಿಸುವ ಈ ಚಿತ್ರದಲ್ಲಿ ಹಳೆಯ ಸೂಕ್ಷ್ಮ ರಕ್ತಸ್ರಾವಗಳು ಕಪ್ಪು ಚುಕ್ಕೆಗಳಾಗಿ ಮೂಡುತ್ತವೆ. ಚುಕ್ಕೆಗಳು ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಪಾನ್ಸ್‌ಗಳಲ್ಲಿ ಗುಂಪುಗೂಡಿದ್ದರೆ ಅಧಿಕ ರಕ್ತದೊತ್ತಡದ ನಾಳರೋಗವನ್ನೂ ಹೊರಪದರದ ಬಳಿ ಮಾತ್ರ ಇದ್ದರೆ ಇಳಿವಯಸ್ಸಿನ ಅಮಿಲಾಯ್ಡ್ ನಾಳರೋಗವನ್ನೂ ಸೂಚಿಸುತ್ತವೆ.

ರಕ್ತದ ವಯಸ್ಸು: ಹಿಮೋಗ್ಲೋಬಿನ್ ರೂಪಾಂತರಗೊಂಡಂತೆ ಎಂ.ಆರ್.ಐ. ಸಂಕೇತವೂ ಬದಲಾಗುತ್ತದೆ. ಮೊದಲ ಕೆಲವು ದಿನ ರಕ್ತಗಡ್ಡೆ ಟಿ2 ಚಿತ್ರದಲ್ಲಿ ಕಪ್ಪಗಾಗಿ, ನಂತರ ಟಿ1ರಲ್ಲಿ ಬೆಳ್ಳಗಾಗಿ, ಮುಂದೆ ಎರಡರಲ್ಲೂ ಬೆಳ್ಳಗಾಗುತ್ತದೆ. ತಿಂಗಳುಗಳ ಬಳಿಕ ಹಿಮೋಸಿಡೆರಿನ್ ಎಂಬ ಕಬ್ಬಿಣದ ಶೇಷ ಕಪ್ಪು ಅಂಚಾಗಿ ಉಳಿಯುತ್ತದೆ.

ರಕ್ತನಾಳಗಳ ಚಿತ್ರಣ

ಸಿ.ಟಿ. ಆಂಜಿಯೋಗ್ರಾಂ ಮತ್ತು ಎಂ.ಆರ್. ಆಂಜಿಯೋಗ್ರಾಂ ದೊಡ್ಡ ಧಮನಿಗಳ ಅಡಚಣೆ, ಕಿರಿದಾಗುವಿಕೆ ಹಾಗೂ ಉಬ್ಬುಗಳನ್ನು ತೋರಿಸುತ್ತವೆ. ಪರ್ಫೊರೇಟಿಂಗ್ ಧಮನಿಗಳು ಸಾಮಾನ್ಯ ಯಂತ್ರಗಳಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. 7 ಟೆಸ್ಲಾ ಸಾಮರ್ಥ್ಯದ ಎಂ.ಆರ್.ಐ.ಯಲ್ಲಿ ಲೆಂಟಿಕ್ಯುಲೋಸ್ಟ್ರಯೇಟ್ ಕವಲುಗಳನ್ನು ಗುರುತಿಸಬಹುದು. ಆದ್ದರಿಂದ ಲ್ಯಾಕ್ಯುನಾರ್ ಪಾರ್ಶ್ವವಾಯುವಿನಲ್ಲಿ ಆಂಜಿಯೋಗ್ರಾಂ ಮಾಡುವುದು ಮುಖ್ಯವಾಗಿ ಮೂಲ ಧಮನಿಯ ಕಾಯಿಲೆ ಇದೆಯೇ ಎಂದು ನೋಡಲು. ಆಳದ ರಕ್ತಸ್ರಾವದ ಸಿ.ಟಿ. ಆಂಜಿಯೋಗ್ರಾಂನಲ್ಲಿ ಗಡ್ಡೆಯೊಳಗೆ ಕಾಂಟ್ರಾಸ್ಟ್ ಔಷಧಿಯ ಚುಕ್ಕೆ ಕಂಡರೆ ಗಡ್ಡೆ ಇನ್ನೂ ಬೆಳೆಯುವ ಸಂಭವ ಹೆಚ್ಚು. ಎಳೆವಯಸ್ಸಿನವರಲ್ಲಿ ಅಥವಾ ರಕ್ತದೊತ್ತಡದ ಕಾಯಿಲೆಯಿಲ್ಲದವರಲ್ಲಿ ರಕ್ತಸ್ರಾವವಾದಾಗ ನಾಳಗಳ ವಿರೂಪ ಹುಡುಕಲು ಕ್ಯಾತಿಟರ್ ಆಂಜಿಯೋಗ್ರಾಂ ಮಾಡುತ್ತಾರೆ. ಎರಡೂ ಥಲಾಮಸ್ ಊದಿದ್ದರೆ ಸಿರೆಗಳ ವೀನೋಗ್ರಾಂ ಅಗತ್ಯ.

ಪಾರ್ಶ್ವವಾಯುವನ್ನು ಹೋಲುವ ಸ್ಥಿತಿಗಳು

ರಕ್ತದ ಸಕ್ಕರೆ ತೀರಾ ಇಳಿದಾಗ ಒಂದು ಬದಿಯ ಬಲಹೀನತೆ ಬರಬಹುದಾದ್ದರಿಂದ ಚಿತ್ರಣಕ್ಕೆ ಮುನ್ನವೇ ಸಕ್ಕರೆ ಪರೀಕ್ಷೆ ಮಾಡಬೇಕು. ಸಕ್ಕರೆ ಅತಿಯಾಗಿ ಏರಿದ ಕೆಲವರಲ್ಲಿ ಪ್ಯುಟಮೆನ್ ಸಿ.ಟಿ.ಯಲ್ಲಿ ಬೆಳ್ಳಗಾಗಿ ರಕ್ತಸ್ರಾವದಂತೆ ತೋರುತ್ತದೆ. ವಯಸ್ಸಾದವರ ಗ್ಲೋಬಸ್ ಪ್ಯಾಲಿಡಸ್‌ನಲ್ಲಿ ಸುಣ್ಣ ಸೇರಿರುವುದು ಸಾಮಾನ್ಯ. ಅದು ಎರಡೂ ಬದಿ ಸಮನಾಗಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ವಿಷ ಗ್ಲೋಬಸ್ ಪ್ಯಾಲಿಡಸ್ ಅನ್ನೂ ಥಯಾಮಿನ್ ಕೊರತೆಯ ವರ್ನಿಕೆ ಕಾಯಿಲೆ ಥಲಾಮಸ್‌ನ ಒಳಭಾಗವನ್ನೂ ಬಾಧಿಸುತ್ತವೆ. ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಿ ಎರಡೂ ಥಲಾಮಸ್‌ಗಳಲ್ಲಿ ಹಾನಿ ಕಾಣುತ್ತದೆ. ಕರ್ನಾಟಕದ ಕೋಲಾರ, ಮಂಡ್ಯ, ಬಳ್ಳಾರಿ ಭಾಗಗಳಿಂದ ಈ ರೋಗ ವರದಿಯಾಗಿರುವುದರಿಂದ, ಜ್ವರದೊಂದಿಗೆ ಇಂಥ ಚಿತ್ರ ಕಂಡಾಗ ಅದನ್ನೂ ಪರಿಗಣಿಸಬೇಕಾಗುತ್ತದೆ.

ಚಿಕಿತ್ಸೆಯಲ್ಲಿ ಚಿತ್ರಣದ ಉಪಯೋಗ

ರಕ್ತಸ್ರಾವ ಇಲ್ಲವೆಂದು ಖಚಿತವಾದರೆ, ಲಕ್ಷಣ ಆರಂಭವಾದ 4.5 ಗಂಟೆಗಳೊಳಗೆ ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್ ಎಂಬ ಹೆಪ್ಪು ಕರಗಿಸುವ ಔಷಧಿಯನ್ನು ಕೊಡಬಹುದು. ಅಂಗವೈಕಲ್ಯ ತರುವಂಥ ಲ್ಯಾಕ್ಯುನಾರ್ ಪಾರ್ಶ್ವವಾಯುವಿಗೂ ಇದು ಅನ್ವಯಿಸುತ್ತದೆ. ಕ್ಯಾತಿಟರ್ ಮೂಲಕ ಹೆಪ್ಪು ಹೊರತೆಗೆಯುವ ವಿಧಾನ ದೊಡ್ಡ ಧಮನಿಗಳಿಗೆ ಸೀಮಿತ. ಪರ್ಫೊರೇಟಿಂಗ್ ಧಮನಿಯೊಳಕ್ಕೆ ಉಪಕರಣ ಹೋಗದು. ಮರುಕಳಿಕೆ ತಡೆಗೆ ಆಸ್ಪಿರಿನ್‌ನಂಥ ಔಷಧಿ, ಸ್ಟಾಟಿನ್ ಮತ್ತು ರಕ್ತದೊತ್ತಡದ ನಿಯಂತ್ರಣ ಮುಖ್ಯ. ಲ್ಯಾಕ್ಯುನಾರ್ ರೋಗಿಗಳ ಮೇಲೆ ನಡೆದ ಎಸ್.ಪಿ.ಎಸ್.3 ಅಧ್ಯಯನದಲ್ಲಿ (2012) ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅನ್ನು ದೀರ್ಘಕಾಲ ಕೊಟ್ಟಾಗ ಮರುಕಳಿಕೆ ಗಣನೀಯವಾಗಿ ತಗ್ಗಲಿಲ್ಲ. ರಕ್ತಸ್ರಾವ ಮತ್ತು ಮರಣ ಹೆಚ್ಚಿದವು.

ರಕ್ತಸ್ರಾವವಿದ್ದರೆ ಹೆಪ್ಪು ಕರಗಿಸುವ ಔಷಧಿ ಮತ್ತು ಆಸ್ಪಿರಿನ್‌ನಂಥ ಔಷಧಿಗಳನ್ನು ತಡೆಹಿಡಿದು, ಮೇಲಿನ ರಕ್ತದೊತ್ತಡವನ್ನು ಸುಮಾರು 140ರ ಮಟ್ಟಕ್ಕೆ ತರುತ್ತಾರೆ. ಗಡ್ಡೆ ಬೆಳೆಯುವುದು ಹೆಚ್ಚಾಗಿ ಮೊದಲ ಗಂಟೆಗಳಲ್ಲಿ, ಮರು ಸಿ.ಟಿ. ಇದನ್ನು ಪತ್ತೆಹಚ್ಚುತ್ತದೆ. ಬೇಸಲ್ ಗ್ಯಾಂಗ್ಲಿಯಾ ಮತ್ತು ಥಲಾಮಸ್‌ನ ರಕ್ತವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದರ ಪ್ರಯೋಜನ ಸೀಮಿತ. ಅನುಮಸ್ತಿಷ್ಕದ ದೊಡ್ಡ ಗಡ್ಡೆ ಕಾಂಡವನ್ನು ಒತ್ತುತ್ತಿದ್ದರೆ ಶಸ್ತ್ರಕ್ರಿಯೆ ಜೀವ ಉಳಿಸಬಲ್ಲದು. ಕುಹರದ ದ್ರವಕ್ಕೆ ತಡೆಯಾದಾಗ ನಳಿಕೆಯ ಮೂಲಕ ಅದನ್ನು ಹೊರಹರಿಸುತ್ತಾರೆ.

ಪರಿಣಾಮಗಳು

ಲ್ಯಾಕ್ಯುನಾರ್ ಪಾರ್ಶ್ವವಾಯುವಿನಲ್ಲಿ ಆರಂಭಿಕ ಮರಣ ಕಡಿಮೆ. ಚೇತರಿಕೆಯೂ ಇತರ ಬಗೆಗಳಿಗಿಂತ ಉತ್ತಮ. ಆದರೆ ಲ್ಯಾಕ್ಯೂನ್‌ಗಳು ಮತ್ತು ಬಿಳಿ ದ್ರವ್ಯದ ಹಾನಿ ಕಾಲಕ್ರಮೇಣ ಕೂಡುತ್ತ ಹೋದಾಗ ನಿಧಾನ ನಡಿಗೆ, ಮೂತ್ರದ ಹಿಡಿತ ತಪ್ಪುವುದು, ಆಲೋಚನೆ ಮಂದವಾಗುವುದು ಮತ್ತು ನಾಳಸಂಬಂಧಿ ಮರೆಗುಳಿತನ ತಲೆದೋರುತ್ತವೆ. ಅನೇಕ ಲ್ಯಾಕ್ಯೂನ್‌ಗಳು ಯಾವ ಲಕ್ಷಣವನ್ನೂ ತೋರದೆ, ಬೇರೆ ಕಾರಣಕ್ಕೆ ಮಾಡಿದ ಎಂ.ಆರ್.ಐ.ಯಲ್ಲಿ ಪತ್ತೆಯಾಗುತ್ತವೆ. ಥಲಾಮಸ್‌ನ ಹಾನಿಯ ನಂತರ ಕೆಲವರಿಗೆ ಎದುರು ಬದಿಯಲ್ಲಿ ತೀವ್ರವಾದ ಉರಿನೋವು ಉಳಿಯುತ್ತದೆ. ಇದನ್ನು ದೆಜರೀನ್ ಮತ್ತು ರೂಸ್ಸಿ 1906ರಲ್ಲಿ ವಿವರಿಸಿದರು. ಪಾನ್ಸ್‌ನ ದೊಡ್ಡ ರಕ್ತಸ್ರಾವದಲ್ಲಿ ಬದುಕುವ ಸಾಧ್ಯತೆ ತೀರಾ ಕಡಿಮೆ.

ಇಂದಿನ ಸ್ಥಿತಿ

ಭಾರತದ ಜಿಲ್ಲಾ ಕೇಂದ್ರಗಳಲ್ಲಿ ಸಿ.ಟಿ. ಸೌಲಭ್ಯ ವ್ಯಾಪಕವಾಗಿದ್ದರೂ ತುರ್ತು ಎಂ.ಆರ್.ಐ. ಹೆಚ್ಚಾಗಿ ದೊಡ್ಡ ಊರುಗಳಲ್ಲಿ ಲಭ್ಯ. ಎಂ.ಆರ್.ಐ. ಪರೀಕ್ಷೆಗೆ ಹೆಚ್ಚು ಸಮಯ ಬೇಕು. ಕೆಲವು ಬಗೆಯ ಪೇಸ್‌ಮೇಕರ್ ಅಥವಾ ಲೋಹದ ಉಪಕರಣ ಅಳವಡಿಸಿದವರಿಗೆ ಅದು ಸಲ್ಲದು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನರರೋಗಗಳ ಪ್ರಮುಖ ಕೇಂದ್ರ. ಬಾಣಂತಿಯರ ಮಿದುಳು ಸಿರೆಗಳ ಹೆಪ್ಪಿನ ಕುರಿತು ಅಲ್ಲಿಂದ ದೀರ್ಘಕಾಲದ ಅಧ್ಯಯನಗಳು ಬಂದಿವೆ. ಪಾರ್ಶ್ವವಾಯು ಸೇರಿದಂತೆ ನರರೋಗಗಳ ಆರೈಕೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯಲು ರಾಜ್ಯ ಸರ್ಕಾರ ನಿಮ್ಹಾನ್ಸ್ ಸಹಯೋಗದಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ನಡೆಸುತ್ತಿದೆ.

ಸಿ.ಟಿ. ಯಂತ್ರವನ್ನು ಹೊತ್ತ ಆಂಬುಲೆನ್ಸ್‌ಗಳು ಜರ್ಮನಿಯಲ್ಲಿ 2008ರಿಂದ ಬಳಕೆಗೆ ಬಂದು ಬೇರೆ ದೇಶಗಳಿಗೂ ಹರಡಿವೆ. ರೋಗಿಯ ಹಾಸಿಗೆಯ ಬಳಿಗೇ ಒಯ್ಯಬಹುದಾದ ಕಡಿಮೆ ಕಾಂತಬಲದ ಎಂ.ಆರ್.ಐ. ಯಂತ್ರಗಳೂ ರಕ್ತಸ್ರಾವ ಹಾಗೂ ಅಡಚಣೆಯನ್ನು ಚಿತ್ರದಿಂದ ಗುರುತಿಸುವ ಕಂಪ್ಯೂಟರ್ ತಂತ್ರಾಂಶಗಳೂ ಆಸ್ಪತ್ರೆಗಳಿಗೆ ಬಂದಿವೆ. ಆದರೆ ಕಡಿಮೆ ಕಾಂತಬಲದ ಯಂತ್ರಗಳಲ್ಲಿ ಕೆಲವೇ ಮಿಲಿಮೀಟರಿನ ಆಳದ ಮೃತಭಾಗಗಳು ತಪ್ಪಿಹೋಗಬಹುದು. ಸಣ್ಣ ನಾಳಗಳ ಗೋಡೆಯ ಕಾಯಿಲೆಯನ್ನೇ ಹಿಮ್ಮೆಟ್ಟಿಸುವ ಔಷಧಿ ಇನ್ನೂ ಬಳಕೆಗೆ ಬಂದಿಲ್ಲ. ಆಳದ ಪಾರ್ಶ್ವವಾಯುವಿನ ಎರಡೂ ಬಗೆಗಳನ್ನು ತಡೆಯುವಲ್ಲಿ ಪರಿಣಾಮ ಸಿದ್ಧಪಟ್ಟಿರುವ ಮುಖ್ಯ ಕ್ರಮ ರಕ್ತದೊತ್ತಡವನ್ನು ಸತತವಾಗಿ ಹತೋಟಿಯಲ್ಲಿಡುವುದು.